ಹಬ್ಬಕ್ಕೆ ಕದ್ದ ಒಂದು ವಾರ

ನಮ್ಮ ಲ್ಯಾಬಿನಲ್ಲಿ ಎರಡು ಇನ್‌ಕ್ಯುಬೇಟರ್‌ಗಳಿವೆ. ಒಂದು 25 ಡಿಗ್ರಿ, ಇನ್ನೊಂದು 18. ನಾಲ್ಕು ವರ್ಷದಿಂದ ನನ್ನ ಊಟ, ನಿದ್ದೆ, ಊರಿಗೆ ಹೋಗುವ ಬಸ್ಸು ಎಲ್ಲವೂ ಈ ಎರಡು ಪೆಟ್ಟಿಗೆಗಳ ಲೆಕ್ಕದಲ್ಲೇ ನಡೆಯುತ್ತಿವೆ.

ನಾನು ಸಾಕುವುದು ಡ್ರೋಸೊಫಿಲಾ, ಕಳಿತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣ. 25 ಡಿಗ್ರಿಯಲ್ಲಿ ಮೊಟ್ಟೆ ನೊಣವಾಗಲು ಹತ್ತು ದಿನ. 18ರಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು.

ಕ್ರಾಸ್ ಹಾಕಲು, ಅಂದರೆ ಆರಿಸಿದ ಗಂಡು ಹೆಣ್ಣುಗಳನ್ನೇ ಕೂಡಿಸಲು, ಇನ್ನೂ ಕೂಡದ ವರ್ಜಿನ್ ಹೆಣ್ಣುಗಳೇ ಬೇಕು. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ದಿನಗಟ್ಟಲೆ ಒಳಗೇ ಕಾಪಿಟ್ಟುಕೊಳ್ಳುತ್ತದೆ. ಅಂಥದ್ದೊಂದು ನುಸುಳಿದರೂ ಮರಿಗಳ ಅಪ್ಪ ಯಾರೆಂದು ಹೇಳಲಾಗದು. ಹುಳು ನೊಣವಾಗಿ ಮಾರ್ಪಡುವ ಗೂಡಿನಂಥ ಕೋಶದಿಂದ ಹೊರಬಂದ ಮೇಲೆ 25 ಡಿಗ್ರಿಯಲ್ಲಿ ಸುಮಾರು ಎಂಟು ಗಂಟೆ ಹೆಣ್ಣು ಗಂಡನ್ನು ಹತ್ತಿರ ಸೇರಿಸದು, 18ರಲ್ಲಾದರೆ ಹದಿನಾರು. ಅದಕ್ಕೇ ರಾತ್ರಿ ಎಂಟಕ್ಕೆ ಬಾಟಲಿಯ ನೊಣಗಳನ್ನೆಲ್ಲ ಖಾಲಿ ಮಾಡಿ, 18ಕ್ಕೆ ಸರಿಸಿ ಮಲಗಲು ಹೋಗುತ್ತೇನೆ. ಬೆಳಿಗ್ಗೆ ಎಂಟಕ್ಕೆ ಬಂದರೆ ಹೊಸ ನೊಣಗಳು ಬಿಳಿಚಿಕೊಂಡು ಕೂತಿರುತ್ತವೆ, ಹೊಟ್ಟೆಯೊಳಗಿನ ಕಪ್ಪು ಚುಕ್ಕೆ ಹೊರಗೇ ಕಾಣುತ್ತದೆ.

ಹುಟ್ಟುವುದಕ್ಕೂ ಅವಕ್ಕೊಂದು ಹೊತ್ತಿದೆ, ನಸುಕಿನ ಆಸುಪಾಸು. 1971ರಲ್ಲಿ ಕೊನೊಪ್ಕ ಮತ್ತು ಬೆಂಜರ್ ಎಂಬ ವಿಜ್ಞಾನಿಗಳು ಈ ಹೊತ್ತನ್ನೇ ಕಾದು ಕೂತು, ದಿನವನ್ನು 19 ಗಂಟೆಗೆ ಮುಗಿಸುವ, 28ಕ್ಕೆ ಎಳೆಯುವ, ಹೊತ್ತೇ ಗೊತ್ತಿಲ್ಲದ ನೊಣಗಳನ್ನು ಹಿಡಿದರು. ಮೂರರಲ್ಲೂ ಕೆಟ್ಟಿದ್ದು ಒಂದೇ ಜೀನ್. ಆ ಪೇಪರ್ ಓದಿದಾಗೆಲ್ಲ ಅವರು ನಿದ್ದೆಗೆಟ್ಟ ರಾತ್ರಿಗಳೇ ನನಗೆ ನೆನಪಾಗುತ್ತವೆ.

ಕಳೆದ ದೀಪಾವಳಿಗೆ ಅಮ್ಮ ಫೋನಿನಲ್ಲಿ, "ನೀರು ತುಂಬೋ ಹಬ್ಬಕ್ಕಾದ್ರೂ ಬಾರೇ" ಅಂದಳು. ನನ್ನ ನೊಣಗಳು ಹೊರಬರಬೇಕಿದ್ದುದು ಸರಿಯಾಗಿ ಬಲಿಪಾಡ್ಯಮಿಯಂದು. ಮೂರನೇ ದಿನವೇ ಹುಳುಗಳನ್ನು 18ಕ್ಕೆ ಹಾಕಿದೆ. ಒಂದು ವಾರ ಸಿಕ್ಕಿತು. ಮನೆಗೆ ಹೋಗಿ ಎಣ್ಣೆನೀರು ಹಾಕಿಸಿಕೊಂಡೆ, ಹೋಳಿಗೆ ತಿಂದೆ.

ನಾನು ಅಳೆಯುವುದು ರೆಕ್ಕೆಯ ಉದ್ದವನ್ನು. ತಣ್ಣಗೆ ಬೆಳೆದ ನೊಣ ದೊಡ್ಡದಾಗುತ್ತದೆ, ಹಾಗಾಗಿ ಆ ಬ್ಯಾಚು ಲೆಕ್ಕಕ್ಕೆ ಬಾರದೆಂದು ಗೊತ್ತಿದ್ದೇ ಸರಿಸಿದ್ದೆ. ಆದರೂ ಎಸೆಯಲು ಮನಸ್ಸಾಗದೆ ಒಂದು ರೆಕ್ಕೆ ಕತ್ತರಿಸಿ ಸ್ಲೈಡಿನ ಮೇಲಿಟ್ಟೆ. ಉದ್ದವಾಗಿತ್ತು. ಅಮ್ಮ ತಲೆಗೆ ಎಣ್ಣೆ ತಿಕ್ಕಿದ ಬೆಳಗು ಅದರಲ್ಲಿ ಕೂತಿದೆ ಅನ್ನಿಸಿ ತುಂಬ ಹೊತ್ತು ನೋಡುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದು ಇಷ್ಟೇ: "3ನೇ ದಿನದಿಂದ 18 ಡಿಗ್ರಿ. ಅಳತೆಗೆ ಬೇಡ."

ಅದೇ ಕ್ರಾಸನ್ನು ಮತ್ತೆ ಹಾಕಿದ್ದೇನೆ, ಈ ಸಲ ಪೂರ್ತಿ 25ರಲ್ಲಿ. ಇವತ್ತು ಒಂಬತ್ತನೇ ದಿನ. ಕೋಶಗಳೊಳಗೆ ಮಡಚಿದ ಕಪ್ಪು ರೆಕ್ಕೆ ಕಾಣುತ್ತಿದೆ.