ಸೋಮವಾರ ಮಾತ್ರ

ಅಮ್ಮನ ಅಂಗೈಯಲ್ಲಿ ಮೂರು ಪುಟ್ಟ ಹಳದಿ ಮಾತ್ರೆಗಳಿದ್ದವು. ಇನ್ನೊಂದು ಕೈಯಲ್ಲಿ ನೀರಿನ ಲೋಟ.

“ಇವನ್ನು ನಿನ್ನೆ ತಾನೇ ತೆಗೆದುಕೊಂಡೆಯಲ್ಲ?”

“ಹೌದು. ಇವತ್ತಿನದು ಬೇಡವೇ?”

ಎದೆ ಧಸಕ್ಕೆಂದಿತು. ಸಂಧಿವಾತಕ್ಕೆಂದು ಕೊಟ್ಟಿದ್ದ ಮೆಥೊಟ್ರೆಕ್ಸೇಟ್ ಅದು. ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕಾದದ್ದು. ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಲೋಟ ಕೆಳಗಿಡಿಸಿ ವೈದ್ಯರಿಗೆ ಫೋನ್ ಮಾಡಿದೆ. ಎರಡನೆಯ ಸಲ ನುಂಗಿರಲಿಲ್ಲ, ಗಾಬರಿಪಡಬೇಕಾಗಿಲ್ಲ ಎಂದರು.

ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯನ್ನು ಆಮೇಲೆ ತೆಗೆದು ನೋಡಿದೆ. “ಸದರಿ ಔಷಧಿಯನ್ನು ವಾರಕ್ಕೊಮ್ಮೆ ಸೇವಿಸತಕ್ಕದ್ದು” ಎಂದು ಬರೆದೇ ಇತ್ತು. ಆದರೆ ಎಲ್ಲಿ? ಹನ್ನೆರಡು ಸಾಲಿನ ಒಂದು ಪ್ಯಾರಾದ ನಡುವೆ, ತೆಳು ನೀಲಿ ಬಣ್ಣದಲ್ಲಿ, ಮಿರಮಿರ ಮಿನುಗುವ ಕಾಗದದ ಮೇಲೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ. ನೀಲಿಯ ಛಾಯೆಗಳು ಮಸುಕಾಗುತ್ತವೆ. ದಿನಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವ ಅಮ್ಮ “ನನಗೇ ತಿಳಿಯಲಿಲ್ಲ” ಎಂದು ತಲೆ ತಗ್ಗಿಸಿ ಕುಳಿತಿದ್ದಳು. ನನಗೆ ತಡೆಯಲಾಗದಷ್ಟು ಸಿಟ್ಟು ಬಂದದ್ದು ಆಗಲೇ. ತಪ್ಪು ಅವಳದಲ್ಲ, ಆ ಹಾಳೆಯದು.

ಮಧ್ಯಾಹ್ನ ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ದಪ್ಪಕ್ಷರದಲ್ಲಿ ಬರೆಯಲು ಕುಳಿತೆ. “ವಾರಕ್ಕೊಮ್ಮೆ” ಎಂದರೆ ಯಾವ ದಿನ ಎಂದು ಓದುವವರೇ ಲೆಕ್ಕ ಹಾಕಬೇಕಾಗುತ್ತದೆ. ಅದನ್ನು ಬಿಟ್ಟು ಮೊದಲ ಸಾಲಿನಲ್ಲೇ “ಸೋಮವಾರ ಮಾತ್ರ. 3 ಹಳದಿ ಮಾತ್ರೆ” ಎಂದು ಬರೆದೆ. ಅದರ ಕೆಳಗೆ “ಬೇರೆ ದಿನ ಮುಟ್ಟಬೇಡ”. ಬಾಯಿಹುಣ್ಣು, ಜ್ವರ, ಉಸಿರಾಟದ ತೊಂದರೆ ಕಾಣಿಸಿದರೆ ಕೂಡಲೇ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಸಂಖ್ಯೆಯ ಸಮೇತ ಬರೆದೆ.

“ಅರ್ಥವಾಯಿತೇ?” ಎಂದು ಕೇಳಲಿಲ್ಲ. ಕೇಳಿದ್ದರೆ ಸಂಕೋಚಕ್ಕಾದರೂ ಹೂಂ ಎನ್ನುತ್ತಿದ್ದಳು. “ನಾನು ಸರಿಯಾಗಿ ಬರೆದಿದ್ದೇನೋ ಇಲ್ಲವೋ ನೋಡಬೇಕು. ಇದರಲ್ಲಿ ಏನಿದೆ, ನಿನ್ನ ಮಾತಿನಲ್ಲಿ ಹೇಳಮ್ಮ” ಎಂದೆ.

ಕನ್ನಡಕ ಏರಿಸಿಕೊಂಡು ಓದಿದಳು. ಸೋಮವಾರ ಸರಿಯಾಗಿ ಬಂತು, ಮೂರು ಮಾತ್ರೆಯೂ ಬಂತು. ಜೊತೆಗೆ ಕೊಟ್ಟಿದ್ದ ವಿಟಮಿನ್ ಮಾತ್ರೆಯ ಬಗ್ಗೆ “ಮಂಗಳವಾರ ಫೋಲಿಕ್ ಆಮ್ಲ” ಎಂದು ಬರೆದಿದ್ದ ಕಡೆ ಬೆರಳು ನಿಂತಿತು.

“ಇದು ಯಾವ ಡಬ್ಬಿ?”

ಡಬ್ಬಿಯ ಮೇಲೂ ಹಾಳೆಯ ಆ ಸಾಲಿನ ಪಕ್ಕದಲ್ಲೂ ಒಂದೇ ಬಗೆಯ ದೊಡ್ಡ ಚುಕ್ಕೆ ಇಟ್ಟೆ. ಅಮ್ಮ ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದಳು.

“ಸೋಮವಾರ ಮರೆತುಹೋದರೆ ಏನು ಮಾಡಬೇಕು? ಅದನ್ನು ಬರೆದೇ ಇಲ್ಲವಲ್ಲ.”

ಮತ್ತೆ ವೈದ್ಯರಿಗೆ ಫೋನ್ ಮಾಡಿದೆ. ಅವರು ಹೇಳಿದ್ದನ್ನು ಈ ಸಲ ಅಮ್ಮನೇ ತನ್ನ ಕೈಯಾರೆ ಕೊನೆಯ ಸಾಲಾಗಿ ಬರೆದುಕೊಂಡಳು.