ಮೋಟಾರ್ ಮೂವರ್ ಹಚ್ಚುವಾಗ ಗನ್ ಬೇಡ, ಕೈಗೆ ತಿಳಿಯುವ ಪಾನಾ ಬೇಕು

ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದು ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವರ್ಕ್‌ಶಾಪು. ಈಚೆಗೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಕ್ಯಾರವಾನ್ ಕೆಲಸವೂ ಬರುತ್ತಿದೆ. ಖಾಲಿ ಟ್ರೇಲರನ್ನು ನಾಲ್ಕು ಜನ ಸೇರಿ ತಳ್ಳಿ ತಿರುಗಿಸಿಬಿಡಬಹುದು. ಹಾಸಿಗೆ, ಒಲೆ, ನೀರಿನ ಟ್ಯಾಂಕು ಹೊತ್ತ ಕ್ಯಾರವಾನ್ ಹಾಗೆ ಬಗ್ಗುವುದಿಲ್ಲ. ಅದಕ್ಕೇ ಚಾಸಿಗೆ ಮೋಟಾರ್ ಮೂವರ್ ಕೂಡಿಸುತ್ತಾರೆ. ಎರಡೂ ಚಕ್ರಗಳ ಪಕ್ಕ ಒಂದೊಂದು ರೋಲರ್, ಅದಕ್ಕೊಂದು 12 ವೋಲ್ಟ್ ಮೋಟಾರು, ಕೈಯಲ್ಲಿ ರಿಮೋಟು. ರೋಲರ್ ಟೈರಿಗೆ ಒತ್ತಿ ನಿಂತರೆ ಗಾಡಿ ಇಂಚಿಂಚಾಗಿ ಸರಿಯುತ್ತದೆ.

ರೋಲರನ್ನು ಟೈರಿಗೆ ಒತ್ತಿಸುವುದು ಕೆಲವು ಮಾಡೆಲ್‌ಗಳಲ್ಲಿ ಸ್ವಿಚ್ಚಿನ ಕೆಲಸ. ಉಳಿದವುಗಳಲ್ಲಿ ಪಕ್ಕದ ಷಟ್ಕೋನ ತಲೆಗೆ ಪಾನಾ ಹಾಕಿ ನಾವೇ ತಿರುಗಿಸಬೇಕು. ಗ್ಯಾರೇಜಿನ ಹುಡುಗರ ಕೈ ಇಲ್ಲಿ ನೇರ ಇಂಪ್ಯಾಕ್ಟ್ ಗನ್ ಕಡೆಗೇ ಹೋಗುತ್ತದೆ.

"ಅಣ್ಣಾ, ಗನ್ ಹಚ್ಚಿದ್ರ ಎರಡ ಸೆಕೆಂಡಿನ್ಯಾಗ ಮುಗಿತೈತಿ."

"ಮುಗಿತೈತಿ ತಮ್ಮಾ, ಆದ್ರ ಎಲ್ಲಿ ನಿಲ್ಲಬೇಕು ಅನ್ನೋದು ಅದಕ್ಕ ಗೊತ್ತಾಗಂಗಿಲ್ಲ."

ಗನ್ ಬಡಿದು ಬಡಿದು ತಿರುಗಿಸುತ್ತದೆ. ಬಿಗಿದ ವೀಲ್ ನಟ್ ಬಿಚ್ಚಲು ಅದು ಸರಿ. ಮೂವರಿನ ಲಿಂಕು, ಸ್ಕ್ರೂಗಳು ಆ ಬಡಿತಕ್ಕೆ ಮಾಡಿದವಲ್ಲ. ರೋಲರ್ ರಬ್ಬರಿಗೆ ತಾಗಿದಾಗ ಕೈಗೆ ಮೆತ್ತಗೆ ಒಂದು ತಡೆ ಸಿಗುತ್ತದೆ. ಆಮೇಲೆ ಭಾರ ಏರುತ್ತಾ ಹೋಗಿ ಕೊನೆಯ ನಿಲುಗಡೆ ಬರುತ್ತದೆ. ಈ ಎರಡನ್ನೂ ಹೇಳುವುದು ಕೈಪಾನಾ ಮಾತ್ರ. ಬ್ಯಾಟರಿ ಡ್ರಿಲ್ ಬಳಸಲೇಬೇಕು ಅಂದರೆ ಮೊದಲು ಕೈಪಿಡಿ ನೋಡಿ, ಕಂಪನಿ ಒಪ್ಪಿದೆಯಾ ಅಂತ. ಒಪ್ಪಿದ್ದರೂ ನಿಧಾನದ ಗೇರು, ಸಡಿಲ ಕ್ಲಚ್ಚು ಇಟ್ಟುಕೊಳ್ಳಿ. ಕೊನೆಯ ಸುತ್ತು ಕೈಯಲ್ಲೇ ಆಗಲಿ.

ಇನ್ನು ಸಾಕೆಟ್ಟು. ಮೊದಲು ಕ್ಯಾಲಿಪರ್ ಹಿಡಿದು ತಲೆಯನ್ನು ಅಳೆಯಿರಿ. ಯುರೋಪಿನ ಕ್ಯಾರವಾನ್‌ಗಳಲ್ಲಿ ಮೂಲೆಗಾಲು (ನಿಂತ ಗಾಡಿ ಅಲುಗಾಡದಂತೆ ಮೂಲೆಗಳಲ್ಲಿ ಇಳಿಸುವ ಕಾಲು) ಇಳಿಸುವ ತಲೆ ಬಹಳ ಸಲ 19 ಎಂಎಂ ಇರುತ್ತದೆ. ಮೂವರಿನದೂ ಅಷ್ಟೇ ಅಂತ ಸುಮ್ನೆ ಅಂದುಕೊಳ್ಳಬೇಡಿ. ಮುಕ್ಕಾಲು ಇಂಚು ಅಂದರೆ 19.05 ಎಂಎಂ, ಹಾಗಾಗಿ ಆ ಸಾಕೆಟ್ 19ಕ್ಕೆ ಒಪ್ಪುತ್ತದೆ. ತೊಂದರೆ ಇರುವುದು ಹಳೆಯ ಪೆಟ್ಟಿಗೆಗಳಲ್ಲಿ ಇನ್ನೂ ಸಿಗುವ ವಿಟ್‌ವರ್ತ್ ಪಾನಾಗಳಲ್ಲಿ, ಅಂದರೆ ಹಳೆಯ ಬ್ರಿಟಿಷ್ ಇಂಚಿನ ಅಳತೆಯವುಗಳಲ್ಲಿ. ಅವುಗಳ ಮೇಲಿನ ನಂಬರು ಬೋಲ್ಟಿನ ದಪ್ಪದ್ದು, ತಲೆಯ ಅಗಲದ್ದಲ್ಲ. 7/16 ಅಂತ ಬರೆದ ವಿಟ್‌ವರ್ತ್ ಪಾನಾದ ಬಾಯಿ ಸುಮಾರು 20.8 ಎಂಎಂ. 19ರ ತಲೆಗೆ ಅದನ್ನು ಹಾಕಿದರೆ ಮೂಲೆಗಳು ಸವೆದು ದುಂಡಗಾಗುತ್ತವೆ. ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಸ್ಪ್ಯಾನರಿನ ಕಥೆಯೂ ಅದೇ. ಹನ್ನೆರಡು ಮೂಲೆಯ ಸಾಕೆಟ್ಟಿಗಿಂತ ಆರು ಮೂಲೆಯದು ಒಳ್ಳೆಯದು, ತಲೆಯನ್ನು ಚಪ್ಪಟೆ ಕಡೆಗಳಲ್ಲೇ ಹಿಡಿಯುತ್ತದೆ.

ಹಿಡಿಕೆ ಎಷ್ಟು ಉದ್ದ ಇರಬೇಕು? 30 ಸೆಂಟಿಮೀಟರ್ ಹಿಡಿಕೆಯ ತುದಿಗೆ 10 ಕಿಲೋ ಭಾರ ಹಾಕಿದರೆ ಸುಮಾರು 30 ನ್ಯೂಟನ್ ಮೀಟರ್ ತಿರುವು ಸಿಗುತ್ತದೆ. ಪೈಪ್ ತೂರಿಸಿ 60 ಮಾಡಿದರೆ ತಿರುವೂ ಎರಡರಷ್ಟು. ನನಗೆ ಇಲ್ಲಿ ನಿಜವಾಗಿಯೂ ಕಾಳಜಿ ಇದೆ. ಪೈಪ್ ಬೇಕು ಅನ್ನಿಸಿದ ಕ್ಷಣ ಪಾನಾ ಕೆಳಗಿಟ್ಟು ಟೈರಿನ ಗಾಳಿ ನೋಡಬೇಕು. ಗಾಳಿ ಕಮ್ಮಿ ಇದ್ದರೆ ರೋಲರ್ ಎಷ್ಟು ಒತ್ತಿದರೂ ಹಿಡಿತ ಸಿಗುವುದಿಲ್ಲ, ಜಾರುತ್ತದೆ. ಜನ ಅದನ್ನು ಬಿಗಿ ಸಾಲದ್ದು ಅಂದುಕೊಂಡು ಇನ್ನೂ ತಿರುಗಿಸುತ್ತಾರೆ. ಬಹಳ ಮಾಡೆಲ್‌ಗಳಲ್ಲಿ ಬಿಟ್ಟ ಸ್ಥಿತಿಯಲ್ಲಿ ರೋಲರಿಗೂ ಟೈರಿಗೂ 20 ಎಂಎಂ ಆಸುಪಾಸು ಸಂದು ಇರಬೇಕು. ನಿಮ್ಮದರ ಅಳತೆ ಕೈಪಿಡಿಯಲ್ಲಿ ಸಿಗುತ್ತದೆ. ಅಷ್ಟೇ ದಪ್ಪದ ಕಟ್ಟಿಗೆ ತುಂಡೊಂದನ್ನು ಕೊಯ್ದು ಇಟ್ಟುಕೊಂಡರೆ ಎರಡೂ ಕಡೆ ತೂರಿಸಿ ನೋಡಬಹುದು. ಹೀಗೆ ನೋಡಿದರೆ ಗಾಳಿ ಅಳೆಯುವ ಗೇಜು, ಈ ತುಂಡು ಎರಡೂ ಪಾನಾದಷ್ಟೇ ಮುಖ್ಯ ಸಾಮಾನು, ಅಲ್ವಾ?

ನಮ್ಮ ಕಡೆಯ ಇನ್ನೊಂದು ವಿಷಯ ಎರೆಮಣ್ಣು. ನವಲಗುಂದ, ಅಣ್ಣಿಗೇರಿ, ಗದಗದ ಹೊಲಗಳಲ್ಲಿ ಒಂದು ಮಳೆ ಬಿದ್ದರೆ ಸಾಕು, ಮಣ್ಣು ಟೈರಿಗೆ ಮೆತ್ತಿಕೊಂಡು ರೋಲರಿನ ಹಲ್ಲುಗಳನ್ನೆಲ್ಲ ತುಂಬಿಬಿಡುತ್ತದೆ. ತಂತಿ ಬ್ರಷ್ಷಿನಿಂದ ಕೆರೆದು ತೆಗೆದ ಮೇಲೇ ಹಚ್ಚಿ. ರೋಲರಿನ ಮೈಗೆ ಗ್ರೀಸು ಸೋಕಿಸಬೇಡಿ. ಮೆತ್ತನೆ ನೆಲವಾದರೆ ಚಕ್ರದ ದಾರಿಗೆ ಹಲಗೆ ಹಾಸಿ.

ಕ್ರಮ ಚಿಕ್ಕದು. ಹ್ಯಾಂಡ್‌ಬ್ರೇಕ್ ಹಾಕಿದ ಸ್ಥಿತಿಯಲ್ಲೇ ರೋಲರ್ ಹಚ್ಚಿ. ಹಚ್ಚಿಯಾದ ಮೇಲೆ ಬ್ರೇಕ್ ಬಿಟ್ಟು ರಿಮೋಟ್ ಒತ್ತಿ. ಜಾಗಕ್ಕೆ ಬಂದ ಮೇಲೆ ಮತ್ತೆ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೇ ರೋಲರ್ ಬಿಡಿಸಿ. ಇಳಿಜಾರಿನಲ್ಲಂತೂ ಇದು ಹಿಂದುಮುಂದಾಗಲೇಬಾರದು. ಕಾರಿಗೆ ಕಟ್ಟಿ ಹೊರಡುವ ಮುಂಚೆ ಎರಡೂ ರೋಲರ್ ಬಿಟ್ಟಿವೆಯಾ ಅಂತ ಬಗ್ಗಿ ನೋಡಿ.

ಗಾಡಿ ಒಪ್ಪಿಸುವಾಗ ಆರು ಮೂಲೆಯ ಸಾಕೆಟ್ಟು, ರ‍್ಯಾಚೆಟ್ಟು, ಗೇಜು, ಬ್ರಷ್ಷು, ಕಟ್ಟಿಗೆ ತುಂಡು ಒಂದೇ ಕ್ಯಾನ್ವಾಸ್ ಚೀಲದಲ್ಲಿ ಹಾಕಿ ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿ ಇಟ್ಟುಕೊಡುತ್ತೇನೆ. ಸಾಕೆಟ್ಟಿಗೆ ಬಿಳಿ ಪೇಂಟ್ ಬಳಿದಿರುತ್ತೇನೆ, ಕತ್ತಲಲ್ಲಿ ಹುಲ್ಲಿನೊಳಗೆ ಬಿದ್ದರೂ ಟಾರ್ಚ್ ಬೆಳಕಿಗೆ ಸಿಗುತ್ತದೆ.