ಐಲ್ಯಾಂಡ್‌ವುಡ್ ನೋಡಬೇಕಾದರೆ ಮಳೆಯಲ್ಲೇ ಹೋಗಿ

ಸಿಯಾಟಲ್ ಬಳಿಯ ಬೇನ್‌ಬ್ರಿಜ್ ದ್ವೀಪಕ್ಕೆ ಹೊರಡುವವರು ಸಾಮಾನ್ಯವಾಗಿ ಬಿಸಿಲಿನ ಜುಲೈ, ಆಗಸ್ಟ್ ತಿಂಗಳುಗಳನ್ನು ಆರಿಸಿಕೊಳ್ಳುತ್ತಾರೆ. ಆದರೆ ಅಲ್ಲಿನ ಐಲ್ಯಾಂಡ್‌ವುಡ್ ಆವರಣದ ಕಟ್ಟಡಗಳನ್ನು ನೋಡುವುದೇ ಉದ್ದೇಶವಾಗಿದ್ದರೆ, ಮಳೆ ಹಿಡಿದಿರುವ ನವೆಂಬರ್ ತಿಂಗಳೇ ಮೇಲು ಎಂಬುದು ನನ್ನ ಅನುಭವ.

255 ಎಕರೆ ಕಾಡಿನ ನಡುವೆ 2002ರಲ್ಲಿ ಆರಂಭವಾದ ಈ ಪರಿಸರ ಶಿಕ್ಷಣ ಕೇಂದ್ರವನ್ನು ವಿನ್ಯಾಸಗೊಳಿಸಿದ್ದು ಮಿಥುನ್ ಎಂಬ ಸಿಯಾಟಲ್‌ನ ಸಂಸ್ಥೆ. (ಹೆಸರು ಕೇಳಿ ನಮ್ಮ ಕಡೆಯವರಿರಬೇಕು ಎಂದುಕೊಂಡಿದ್ದೆ, ಅದು ಸ್ಥಾಪಕ ಓಮರ್ ಮಿಥುನ್ ಅವರ ಹೆಸರು.) ಶಾಲಾ ಮಕ್ಕಳು ತಂಗಿ ಕಲಿಯುವ ಜಾಗವಾದ್ದರಿಂದ ಮುಂಚಿತವಾಗಿ ಬರೆದು ಅನುಮತಿ ಪಡೆಯದೆ ಹೋಗಬಾರದು.

ಕಲಿಕಾ ಕೊಠಡಿಗಳ ಚಾವಣಿ ಚಿಟ್ಟೆ ರೆಕ್ಕೆ ಎತ್ತಿದಂತಿದೆ. ಎರಡೂ ಮಾಡುಗಳು ಒಳಮುಖವಾಗಿ ಇಳಿದು ನಡುವೆ ಕೂಡುವುದರಿಂದ, ಸೂರಿನುದ್ದಕ್ಕೂ ತೊಟ್ಟಿಕ್ಕಬೇಕಾದ ನೀರೆಲ್ಲ ಒಂದೇ ಕಡೆ ದಂಬೆಯ ನೀರಿನಂತೆ ಧುಮುಕಿ ತೊಟ್ಟಿ ಸೇರುತ್ತದೆ. ಬೇಸಿಗೆಯಲ್ಲಿ ಇದು ಬರೀ ಚೆಂದದ ಆಕಾರವಾಗಿ ಕಾಣುತ್ತದೆ; ಮಳೆಯಲ್ಲಿ ನಿಂತರೆ ಯಾರೂ ವಿವರಿಸಬೇಕಾಗಿಲ್ಲ. ಬಟ್ಟೆಯ ಬೂಟು ಹಾಕಿಕೊಂಡು ಅಲ್ಲೇ ಕಾಲು ಗಂಟೆ ನಿಂತ ನಾನು ಉಳಿದ ದಿನವನ್ನೆಲ್ಲ ಒದ್ದೆ ಕಾಲಿನಲ್ಲೇ ಕಳೆದೆ. ನೀವು ರಬ್ಬರ್ ಬೂಟು ಒಯ್ಯಿರಿ.

ಎತ್ತರದ ಡಗ್ಲಸ್ ಫರ್ ಮರಗಳ ನಡುವೆ, ಚಳಿಗಾಲದ ಸೂರ್ಯ ಮೇಲೇರದ ಆ ಅಕ್ಷಾಂಶದಲ್ಲಿ, ಕಟ್ಟಡಕ್ಕೆ ಬೆಳಕು ಒದಗಿಸುವುದು ಸುಲಭವಲ್ಲ. ಅದಕ್ಕಾಗಿ ಮುಖ್ಯ ಕಟ್ಟಡದ ದಕ್ಷಿಣಕ್ಕೆ ಮರ ತೆರವು ಮಾಡಿ ಬಯಲು ಬಿಟ್ಟಿದ್ದಾರೆ. ಕಾಡನ್ನು ಉಳಿಸಲು ಕಟ್ಟಿದ ಜಾಗದಲ್ಲಿ ಮರ ಕಡಿಯುವುದೇ ಎಂದು ನನಗೂ ಕಸಿವಿಸಿಯಾಯಿತು; ಆದರೆ ಹಗಲಲ್ಲೂ ದೀಪ ಉರಿಸುವುದಕ್ಕಿಂತ ಅದು ಪ್ರಾಮಾಣಿಕವಾದ ಆಯ್ಕೆ ಎಂದು ಈಗ ಅನ್ನಿಸುತ್ತದೆ.

ತಪ್ಪದೆ ನೋಡಬೇಕಾದದ್ದು ಕೊಳಚೆ ನೀರನ್ನು ಶುದ್ಧೀಕರಿಸುವ ಗಾಜಿನ ಮನೆ. ತೊಟ್ಟಿಗಳಲ್ಲಿ ಬೆಳೆಸಿದ ಗಿಡಗಳ ಬೇರಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ತಿಳಿಗೊಳಿಸಿದ ನೀರು ಮತ್ತೆ ಶೌಚಾಲಯಕ್ಕೇ ಹೋಗುತ್ತದೆ. ಮೂಗು ಮುಚ್ಚಿಕೊಳ್ಳಲು ಸಿದ್ಧನಾಗಿ ಹೋದ ನನಗೆ ಬಡಿದದ್ದು ಒದ್ದೆ ಮಣ್ಣಿನ ವಾಸನೆ ಮಾತ್ರ.

ಸಿಯಾಟಲ್‌ನಿಂದ ಫೆರ್ರಿಯಲ್ಲಿ ಸುಮಾರು 35 ನಿಮಿಷದ ಪ್ರಯಾಣ. ದಡದಿಂದ ಆವರಣ ಕೆಲವು ಕಿಲೋಮೀಟರ್ ದೂರವಿರುವುದರಿಂದ ಹಿಂದಿರುಗುವ ವಾಹನವನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಕಾರಿಲ್ಲದೆ ನಡೆದು ಹತ್ತುವವರಿಗೆ ಟಿಕೆಟ್ ಹೋಗುವಾಗ ಮಾತ್ರ. ಬರುವಾಗ ಸುಮ್ಮನೆ ಹತ್ತಿ ಕುಳಿತರಾಯಿತು.